ಒಂದು ಉಸಿರು, ಒಂದು ಮೌನ

ಜಪಾನಿನ ಕೋಬೆ ನಗರದಲ್ಲಿರುವ ತಂಗಿಯ ಮನೆಗೆ ರಜೆಯಲ್ಲಿ ಹೋಗಿದ್ದೆ. ಆಕೆಯ ಹದಿನಾರು ವರ್ಷದ ಮಗ ಶಾಲೆಯ ವಾದ್ಯವೃಂದದಲ್ಲಿ ಸ್ಯಾಕ್ಸೋಫೋನ್ ಊದುತ್ತಾನೆ. ಈಗ ತಾನೇ ಒಂದು ಕೃತಿ ರಚಿಸಲು ಹೊರಟಿದ್ದಾನೆ. "ಆಪಾ, ನೀವಾದರೂ ಇವನಿಗೆ ಬುದ್ಧಿ ಹೇಳಿ. ಪುಸ್ತಕ ಮುಟ್ಟುವುದೇ ಇಲ್ಲ" ಎಂದಳು ತಂಗಿ. ಮದ್ರಸದಲ್ಲಿ ಕಲಿತು ಮಕ್ಕಳಿಗೆ ಪಾಠ ಹೇಳುವ ನಾನು ಅವಳ ಪಕ್ಷ ವಹಿಸುವೆನೆಂದು ಅವಳ ನಂಬಿಕೆ. ಹುಡುಗ ಮಾತ್ರ, "ಖಾಲಾ, ಒಂದು ದಿನ ನನ್ನ ಜೊತೆ ಕ್ಯೋಟೋಗೆ ಬನ್ನಿ. ಆಮೇಲೆ ಬುದ್ಧಿ ಹೇಳಿ" ಎಂದ.

ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ನಡುವೆ ಅಮಗಾಸಾಕಿ ನಿಲ್ದಾಣ ಬಂತು. "ರ್ಯೋ ನೋಡಾ 1948ರಲ್ಲಿ ಹುಟ್ಟಿದ್ದು ಇಲ್ಲೇ" ಎಂದ ಹುಡುಗ. ಒಸಾಕಾ, ಅಮೆರಿಕ ಮತ್ತು ಫ್ರಾನ್ಸ್‌ಗಳಲ್ಲಿ ಸ್ಯಾಕ್ಸೋಫೋನ್ ಕಲಿತ ನೋಡಾ, 1970ರ ದಶಕದಲ್ಲಿ ಆ ಪಾಶ್ಚಾತ್ಯ ವಾದ್ಯದಲ್ಲಿ ತಮ್ಮ ನಾಡಿನ ಬಿದಿರಿನ ಕೊಳಲು ಶಾಕುಹಾಚಿಯ ದನಿಯನ್ನು ಹುಡುಕಿದರು. ಒಬ್ಬನೇ ನುಡಿಸುವಂತಹ ಕೃತಿಗಳನ್ನು ಬರೆದರು. 'ಮಾಯಿ' ಅವುಗಳಲ್ಲಿ ಪ್ರಸಿದ್ಧ. ನಮ್ಮ ಕದ್ರಿ ಗೋಪಾಲನಾಥರು ಇದೇ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ್ದು ನನಗೆ ನೆನಪಾಯಿತು.

ಕ್ಯೋಟೋದಿಂದ ಮುಂದಿನ ನಿಲ್ದಾಣವೇ ತೋಫುಕುಜಿ. ಅಲ್ಲಿನ ದೊಡ್ಡ ಬೌದ್ಧ ಮಂದಿರದ ಮಗ್ಗುಲಲ್ಲಿ ಮ್ಯೋಅನ್‌ಜಿ ಎಂಬ ಪುಟ್ಟ ಮಂದಿರವಿದೆ. ಅಂಗಳದ ಕಲ್ಲಿನಲ್ಲಿ ಎರಡು ಅಕ್ಷರ ಕೆತ್ತಿದ್ದಾರೆ: 'ಸುಯಿಝೆನ್'. ಅಂದರೆ ಊದುವ ಧ್ಯಾನ. ಹಿಂದೆ ಫುಕೆ ಪಂಥದ ಸಾಧಕರು ತಲೆ ಪೂರ್ತಿ ಮುಚ್ಚುವ ಬುಟ್ಟಿಯಂಥ ಟೊಪ್ಪಿ ತೊಟ್ಟು, ಕೊಳಲೂದುತ್ತಾ ಭಿಕ್ಷೆಗೆ ಹೋಗುತ್ತಿದ್ದರಂತೆ. ಊದುವವನ ಮುಖ ಯಾರಿಗೂ ಕಾಣಬಾರದು! 1871ರಲ್ಲಿ ಸರಕಾರ ಆ ಪಂಥವನ್ನೇ ರದ್ದುಪಡಿಸಿತು. ಆದರೂ ಕೆಲವರು ಕಲಿಸುವುದನ್ನು ಬಿಡಲಿಲ್ಲ. 1888ರಲ್ಲಿ ಈ ಮಂದಿರ ಮತ್ತೆ ತಲೆಯೆತ್ತಿತು.

ಶಾಕುಹಾಚಿಗೆ ಐದೇ ರಂಧ್ರ. ಸಾಮಾನ್ಯ ಉದ್ದ ಸುಮಾರು 54 ಸೆಂಟಿಮೀಟರ್. ತಲೆಯನ್ನು ತಗ್ಗಿಸಿ ಎತ್ತಿದರೆ ಸ್ವರ ಬಾಗುತ್ತದೆ. ಸ್ಯಾಕ್ಸೋಫೋನಿನಲ್ಲಿ ಆ ಕೆಲಸವನ್ನು ತುಟಿ ಮತ್ತು ದವಡೆ ಮಾಡಬೇಕು. ಒಂದು ಉಸಿರಿಗೆ ಒಂದು ಸಾಲು. ಉಸಿರು ಮುಗಿದಲ್ಲಿ ಮೌನ. ಆ ಬಿಡುವಿಗೆ ಜಪಾನೀಯರು 'ಮಾ' ಎನ್ನುತ್ತಾರೆ. ಅದೂ ಕೃತಿಯ ಭಾಗವೇ.

ಇದನ್ನು ಕೇಳುವಾಗ ನನಗೆ ತಜ್‌ವೀದ್ ಪಾಠ ನೆನಪಾಯಿತು. ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂದು ಉಸ್ತಾದರು ಎಷ್ಟು ಸಲ ತಿದ್ದಿದ್ದರು! ಕುರ್‌ಆನ್ ಪಾರಾಯಣ ಸಂಗೀತವಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೂ ಇಲ್ಲ. ಆದರೆ ಉಸಿರು ಒಂದು ಅಮಾನತ್ತು ಎಂಬುದನ್ನು ನಾನು ಕಲಿತದ್ದು ಅಲ್ಲಿಯೇ.

ಸಂಜೆ ಕಾಮೋ ನದಿಯ ದಂಡೆಯಲ್ಲಿ ಹುಡುಗ ತನ್ನ ಅರ್ಧ ಬರೆದ ಕೃತಿಯನ್ನು ನುಡಿಸಿದ. ಮೊದಲು ಸ್ವರಗಳು ಒಂದರ ಮೇಲೊಂದು ನುಗ್ಗಿದವು. "ಮಗಾ, ಇದರಲ್ಲಿ ಮೌನ ಎಲ್ಲಿದೆ?" ಎಂದೆ. ಅವನು ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಂತ. ಪೆನ್ಸಿಲ್ ತೆಗೆದು ಹಾಳೆಯಿಂದ ಎರಡು ಸಾಲು ಹೊಡೆದು ಹಾಕಿದ. ಮತ್ತೆ ಊದಿದ. ಈ ಸಲ ನಡುವೆ ನದಿಯ ಸದ್ದು ಕೇಳಿಸಿತು.

ಮರಳುವಾಗ ಅವನೇ ಅಂದ: "ಖಾಲಾ, ಅಮ್ಮಿ ಬೈಯುವುದು ಓದದ್ದಕ್ಕಲ್ಲ. ನಾನು ಅವರ ಜೊತೆ ಮಾತೇ ಆಡುತ್ತಿಲ್ಲ."

ಮನೆಯಲ್ಲಿ ತಂಗಿ, "ಬುದ್ಧಿ ಹೇಳಿದಿರಾ ಆಪಾ?" ಎಂದು ಕೇಳಿದಳು. ಪರೀಕ್ಷೆ ಮುಗಿಯುವ ತನಕ ದಿನಕ್ಕೆ ಒಂದೇ ಗಂಟೆ ವಾದ್ಯ ಎಂದು ಅವನೇ ಒಪ್ಪಿದ್ದನ್ನು ತಿಳಿಸಿದೆ. "ನೀನೂ ಒಂದು ಸಲ ಕುಳಿತು ಕೇಳು" ಎಂದೂ ಹೇಳಿದೆ. ಆಕೆ ಉತ್ತರಿಸಲಿಲ್ಲ. ಆದರೆ ಮರುದಿನ ಅವನು ಊದುವಾಗ ಅಡುಗೆಮನೆಯ ನಲ್ಲಿಯನ್ನು ನಿಲ್ಲಿಸಿದಳು.