ಅಮ್ಮಮ್ಮನ ಹಾಡಿನ ಹಿಂದಿನ ಕಾಡು

ಅಟ್ಟದ ಟ್ರಂಕಿನಲ್ಲಿ, ಹಳೆಯ ಪಂಚಾಂಗಗಳ ಅಡಿಗೆ ಆ ಕ್ಯಾಸೆಟ್ ಸಿಕ್ಕಿತು. ಮೇಲೆ ಆಯಿಯ ಅಕ್ಷರ: ‘ಅಮ್ಮನ ಹಸೆ ಹಾಡು, 1987’. ರೀಲನ್ನು ಒತ್ತಿ ಹಿಡಿಯುವ ಪುಟ್ಟ ಫೆಲ್ಟ್ ತುಂಡು ಉದುರಿಹೋಗಿತ್ತು. ಶಿರಸಿ ಪೇಟೆಯಲ್ಲಿ ರೇಡಿಯೊ ರಿಪೇರಿ ಮಾಡುವವರೊಬ್ಬರು ಬೇರೆ ಕ್ಯಾಸೆಟ್ಟಿನಿಂದ ಒಂದನ್ನು ಕಿತ್ತು ಅಂಟಿಸಿ, ಪೆನ್ಸಿಲ್ ತೂರಿಸಿ ಸುತ್ತು ಬಿಗಿ ಮಾಡಿಕೊಟ್ಟರು.

ರಾತ್ರಿ ಗುಂಡಿ ಒತ್ತಿದೆವು. ಸುಂಯ್ ಎನ್ನುವ ಸದ್ದು. ಆಮೇಲೆ, ಬಲು ದೂರದಿಂದ ಬಂದಂತೆ, ಅಮ್ಮಮ್ಮನ ದನಿಯ ನೆರಳು. ಅದಾಗಿ ಒಂದೆರಡು ಸೆಕೆಂಡಿಗೆ ನಿಜವಾದ ದನಿ! ನನಗೆ ಮೈ ಜುಮ್ಮೆಂದಿತು. ಪದರದ ಮೇಲೆ ಪದರ ಸುತ್ತಿಕೊಂಡ ಟೇಪು ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದರೆ, ಗಟ್ಟಿ ದನಿಯ ಕಾಂತತ್ವ ಪಕ್ಕದ ಪದರಕ್ಕೂ ಇಳಿಯುತ್ತದೆ. ಹಾಡು ತಾನೇ ತನ್ನ ಮುಂದಾಗಿ ಬಂದು ಬಾಗಿಲು ತಟ್ಟಿದ ಹಾಗೆ ಕೇಳುವುದು ಅದಕ್ಕೇ.

ಹಾಡಿನ ಹಿಂದೆ ಮೆಟ್ಟುಗತ್ತಿಯ ಟಕ್ ಟಕ್. ಕೊನೆಕೊಯ್ಲಿನ ದಿನಗಳು, ಬೆಳಗಿನ ಜಾವಕ್ಕೇ ಅಡಿಕೆ ಸುಲಿಯಲು ಕೂತಿದ್ದಾರೆ. ದೊಡ್ಡಾಯಿ ಕಿವಿ ಹತ್ತಿರ ತಂದು, “ತಮಾ, ಹಾಡೊಂದೇ ಅಲ್ಲ, ಹಿಂದೆ ಬೆಟ್ಟದ ಹಕ್ಕಿನೂ ಕೇಳ್ತು ನೋಡು” ಎಂದರು. ಹೌದು, ಕುಟ್ರು, ಕುಟ್ರು, ಕುಟ್ರು. ಇನ್ನೊಂದು ಬದಿಯನ್ನು ಸ್ವಲ್ಪ ಹಾಕಿ ನೋಡಿದೆವು. ಹಾಡೇನೂ ಇರಲಿಲ್ಲ, ನಿಲ್ಲಿಸಿದೆವು.

ಅಮ್ಮಮ್ಮನ ಮನೆ ಇದ್ದದ್ದು ಸಿದ್ದಾಪುರದ ಘಟ್ಟದಂಚಿನಲ್ಲಿ. ಈಗಿಲ್ಲ. ಆದರೆ ಕಾಡಿದೆ. ಮರುದಿನವೇ ಹೊರಟೆ. ಅರಣ್ಯ ಇಲಾಖೆಯವರೊಬ್ಬರು ಜೊತೆಗಿದ್ದರು.

ಕತ್ತಲೆಕಾನು. ಹೆಸರು ಇಟ್ಟವರು ಇಲ್ಲಿ ನಿಂತೇ ಇಟ್ಟಿರಬೇಕು. ಹೊನ್ನಾವರದ ಹೆದ್ದಾರಿಯಿಂದ ಕೆಲವೇ ಹೆಜ್ಜೆ ಇಳಿದರೆ ಲಾರಿಗಳ ಸದ್ದು ಹಿಂದಾಯಿತು, ಇಬ್ಬನಿ ಎಲೆಯಿಂದ ಎಲೆಗೆ ತೊಟ್ಟಿಕ್ಕುವುದು ಮುಂದಾಯಿತು. ಡಿಸೆಂಬರಿನಲ್ಲೂ ಕಾಲಡಿ ನೀರು! ಇದು ರಾಮಪತ್ರೆ ಜಡ್ಡಿ, ವರ್ಷವಿಡೀ ತೊರೆ ಹರಿಯುವ ಜೌಗು. ಕೆಸರಿನಲ್ಲಿ ಉಸಿರಾಡಲು ಗಾಳಿ ಸಾಲದೆ, ಬೇರುಗಳು ಮಡಿಸಿದ ಮೊಣಕಾಲಿನಂತೆ ನೆಲದಿಂದ ಮೇಲೆದ್ದು ಮತ್ತೆ ಇಳಿದಿವೆ. ನೂರಾರು ಮೊಣಕಾಲು; ಯಾರೋ ಚಕ್ಕಳಮಕ್ಕಳ ಹಾಕಿ ಸುಲಿಯಲು ಕೂತಂತೆ. 2000ರಲ್ಲಿ ವಿಜ್ಞಾನಕ್ಕೆ ಹೊಸದೆಂದು ಗುರುತಾದ ಗೇರಿನ ಬಳಗದ ಒಂದು ಮರಕ್ಕೆ ಈ ಕಾನಿನದೇ ಹೆಸರು. ಸಿಂಗಳೀಕಗಳ ನೆಲೆಯೂ ಇದೇ ಸೀಮೆ. ಅವು ಅಂದು ಕಾಣಲಿಲ್ಲ, ನನಗೆ ಬೇಸರವೂ ಆಗಲಿಲ್ಲ, ನಾನು ಬಂದದ್ದು ಕಿವಿಗಾಗಿ.

ಚಳಿಗಾಲದ ಬೆಳಗಿನಲ್ಲಿ ನೆಲದ ಹತ್ತಿರ ತಣ್ಣನೆ ಗಾಳಿ, ಅದರ ಮೇಲೆ ಬೆಚ್ಚನೆ ಗಾಳಿ. ದೂರದ ಸದ್ದು ಮೇಲಕ್ಕೆ ಹಾರಿಹೋಗದೆ ಬಾಗಿ ನಮ್ಮ ಕಡೆಗೇ ಇಳಿಯುತ್ತದೆ. ಹಾಗೆ ಇಳಿದು ಬಂತು ಮೊದಲ ಕುಟ್ರು. ಆಚೆ ದಿಬ್ಬದಿಂದ ಇನ್ನೊಂದು ಒಪ್ಪಿಕೊಂಡಿತು, ಮತ್ತೊಂದು ಕೈಗೂಡಿಸಿತು. ನೋಡನೋಡುತ್ತ ಕಾನಿಗೆ ಕಾನೇ ಕೂಗತೊಡಗಿತು. ಎಲೆಹಸಿರು ಮೈ, ಕೆನ್ನೆಯ ಮೇಲೆ ಬಿಳಿ ಪಟ್ಟೆ. ಮುಷ್ಟಿಯಷ್ಟು ಹಕ್ಕಿ ಎದುರಿನ ಕೊಂಬೆಯಲ್ಲೇ ಇದ್ದರೂ ಕಾಣಲು ಕಾಲು ಗಂಟೆ ಬೇಕಾಯಿತು. ಆಗ ತಲೆಯ ಮೇಲೆ ಬುಸ್ಸ್, ಬುಸ್ಸ್ ಎಂದು ರೈಲು ಹೊರಟಂಥ ಸದ್ದು. “ಮಂಗಟ್ಟೆ,” ಎಂದರು ಜೊತೆಗಿದ್ದವರು. ಹಕ್ಕಿ ಕಾಣುವ ಮೊದಲೇ ರೆಕ್ಕೆ ಕೇಳಿತ್ತು.

ಎಲ್ಲೋ ಕೇಳಿದ್ದೇನೆ ಇದನ್ನು, ತೀರ ಇತ್ತೀಚೆಗೆ, ಎನಿಸಿ ನಿಂತುಬಿಟ್ಟೆ.

ಮನೆಗೆ ಬಂದವನು ಕೈಕಾಲು ತೊಳೆಯದೆ ಕ್ಯಾಸೆಟ್ಟಿನ ಆ ಎರಡನೆಯ ಬದಿ ಹಾಕಿದೆ. ಯಾರೋ ಗುಂಡಿ ಒತ್ತಿ ಮರೆತಿದ್ದಾರೆ. ಮೂವತ್ತು ನಿಮಿಷ ಯಾರೂ ಹಾಡುವುದಿಲ್ಲ. ಮೆಟ್ಟುಗತ್ತಿ, ಬಳೆ, ಒಮ್ಮೆ ಅಮ್ಮಮ್ಮನ ಕೆಮ್ಮು. ಸುತ್ತ ಕುಟ್ರುಗಳ ಮೇಳ. ನಡುವೆ, ಮಾಡಿನ ಮೇಲೆ ಹಾದುಹೋದ ಆ ರೆಕ್ಕೆ. ದೊಡ್ಡಾಯಿ ದೀಪ ಹಚ್ಚುವುದನ್ನೂ ಬಿಟ್ಟು ಬಂದು ಪಕ್ಕದಲ್ಲಿ ಕೂತರು. ಟೇಪು ತಾನಾಗಿ ಟಕ್ಕೆಂದು ನಿಲ್ಲುವವರೆಗೂ ಇಬ್ಬರೂ ಕತ್ತಲಲ್ಲೇ ಇದ್ದೆವು.