ನಾಲ್ಕು ಹಮಾಲರು, ಒಂದು ಬ್ಯಾಟರಿ



ಕಳೆದ ವಾರ ಒಂಬತ್ತನೆಯ ತರಗತಿಯಲ್ಲಿ ವಿಜ್ಞಾನದ ಪಾಠ ನಡೆದಿತ್ತು. ಎದುರಿನ ಕಚೇರಿಯ ಗೋಡೆಗೆ ವೈಫೈ ಡಬ್ಬಿ ಕೂರಿಸಿದ್ದಾರೆ. ಅದನ್ನೇ ಕಿಟಕಿಯಿಂದ ನೋಡುತ್ತಿದ್ದ ಹುಡುಗನೊಬ್ಬ ಎದ್ದು ನಿಂತ. “ಸರ, ಆ ಡಬ್ಬಿಗೆ ನಾಕು ಕೋಡು ಯಾಕ ಅದಾವ್ರೀ? ಒಂದು ಸಾಲಂಗಿಲ್ಲೇನ್ರೀ?” ತರಗತಿ ನಕ್ಕಿತು, ನಾವೂ ನಕ್ಕೆವು. ಆದರೆ ಉತ್ತರ ತಟ್ಟನೆ ಬಾಯಿಗೆ ಬರಲಿಲ್ಲ. “ನಾಳೆ ಹೇಳೋಣ, ಕೂಡು” ಎಂದೆವು. ಶಿಕ್ಷಕರಿಗೂ ಗೃಹಪಾಠ ಬೇಕಲ್ಲವೇ!

ಈ ಪ್ರಶ್ನೆ ನಮ್ಮನ್ನು ಕಾಡಿದ್ದಕ್ಕೆ ಇನ್ನೊಂದು ಕಾರಣವಿತ್ತು. ಇವನ ಅಕ್ಕ 2020ರಲ್ಲಿ ನಮ್ಮಲ್ಲಿ ಏಳನೆಯ ತರಗತಿಯಲ್ಲಿದ್ದಳು. ಕೊರೋನಾದಿಂದ ಶಾಲೆ ಮುಚ್ಚಿ ಪಾಠವೆಲ್ಲ ಫೋನಿನಲ್ಲಿ ನಡೆದ ಕಾಲ ಅದು. ಅವರ ಮನೆ ಗಡಿಯ ಕಡೆಯ ಹೊಲದಲ್ಲಿ. ಪಾಠ ಶುರುವಾಗಿ ಸ್ವಲ್ಪ ಹೊತ್ತಿಗೆಲ್ಲ ಅವಳು ಮಾಯ! ಕೇಳಿದರೆ “ಬ್ಯಾಟರಿ ಮುಗೀತ್ರೀ ಸರ” ಎನ್ನುತ್ತಿದ್ದಳು. “ರಾತ್ರಿ ಚಾರ್ಜಿಗೆ ಹಾಕಿಡಬಾರದೇ? ನೆಪ ಹೇಳಬೇಡ” ಎಂದು ಎಲ್ಲ ಮಕ್ಕಳೂ ಕೇಳುವಂತೆ ಗದರಿದೆವು. ಮರುದಿನದಿಂದ ಅವಳು ಪಾಠಕ್ಕೆ ಬರಲೇ ಇಲ್ಲ. ಶಾಲೆ ತೆರೆದಾಗ ಬಂದಳು, ಆದರೆ ಗಣಿತದಲ್ಲಿ ಬಹಳ ಹಿಂದೆ ಬಿದ್ದಿದ್ದಳು.

ಈಗ ವಿಷಯಕ್ಕೆ ಬರೋಣ. ಫೋನಿನ ಕೋಡುಗಳು ಹೊರಗೆ ಕಾಣುವುದಿಲ್ಲ, ಒಳಗಿರುತ್ತವೆ. 4ಜಿ ಫೋನಿನಲ್ಲಿ ಸಾಮಾನ್ಯವಾಗಿ ಅಲೆಗಳನ್ನು ಹಿಡಿಯಲು ಎರಡು ಆಂಟೆನಾ. 2022ರ ಅಕ್ಟೋಬರ್ 1ರಂದು ನಮ್ಮ ದೇಶಕ್ಕೆ ಬಂದ 5ಜಿಯ 3.5 ಗಿಗಾಹರ್ಟ್ಸ್ ಪಟ್ಟಿಗೆ ಸಾಮಾನ್ಯವಾಗಿ ನಾಲ್ಕು. ಹಲವು ಆಂಟೆನಾಗಳಿಂದ ಒಂದೇ ಸಮಯಕ್ಕೆ, ಒಂದೇ ತರಂಗಪಟ್ಟಿಯಲ್ಲಿ ಬೇರೆ ಬೇರೆ ಮಾಹಿತಿ ಸಾಗಿಸುವ ಈ ವಿದ್ಯೆಗೆ ಮೈಮೋ ಎನ್ನುತ್ತಾರೆ. ಇದಕ್ಕೆ 1994ರಲ್ಲಿ ಅಮೆರಿಕದ ಪೇಟೆಂಟ್ ಪಡೆದವರು ಭಾರತ ಮೂಲದ ಇಬ್ಬರು. ಒಬ್ಬರು ಪುಣೆಯಲ್ಲಿ ಹುಟ್ಟಿ ಅಲ್ಲಿಯೇ ಎಂಜಿನಿಯರಿಂಗ್ ಓದಿದ ಥಾಮಸ್ ಕೈಲಾತ್. ಇನ್ನೊಬ್ಬರು ನೌಕಾಪಡೆಯಲ್ಲಿದ್ದು, ಮುಂದೆ ಬೆಂಗಳೂರಿನ ಕೃತಕ ಬುದ್ಧಿಮತ್ತೆ ಮತ್ತು ರೊಬಾಟಿಕ್ಸ್ ಕೇಂದ್ರದ ಸ್ಥಾಪಕ ನಿರ್ದೇಶಕರಾದ ಆರೋಗ್ಯಸ್ವಾಮಿ ಪೌಲ್‌ರಾಜ್. ಅತ್ತ ಪುಣೆ, ಇತ್ತ ಬೆಂಗಳೂರು, ನಡುವೆ ನಾವು!

ಆದರೆ ಪ್ರತಿಯೊಂದು ಆಂಟೆನಾದ ಹಿಂದೆ ಅದರದೇ ಮಂಡಲ ಬೇಕು. ಕ್ಷೀಣ ಅಲೆಯನ್ನು ಹಿಗ್ಗಿಸಬೇಕು, ಅಂಕಿಗಳಾಗಿ ಮಾರ್ಪಡಿಸಬೇಕು. ಏನೂ ಬರದಿದ್ದರೂ, ಎಚ್ಚರವಿದ್ದಷ್ಟು ಹೊತ್ತು ಅದು ಬ್ಯಾಟರಿ ತಿನ್ನುತ್ತಲೇ ಇರುತ್ತದೆ.

ಮರುದಿನ ಕರಿಹಲಗೆಯ ಮೇಲೆ ನಮ್ಮೂರಿನ ತೊಗರಿ ಅಡತಿಯನ್ನೇ ಬರೆದೆವು. ಒಬ್ಬ ಹಮಾಲನಿಗೆ ಗಂಟೆಗೆ 100 ರೂಪಾಯಿ, ಕೂತರೂ ಕೊಡಲೇಬೇಕು. ನಿಂತ ಲಾರಿಯ ಬಾಡಿಗೆ ಗಂಟೆಗೆ 200. (ಇವು ಲೆಕ್ಕಕ್ಕೆ ಹಿಡಿದ ಅಂಕಿಗಳು.) ಒಬ್ಬನೇ ಲಾರಿ ತುಂಬಿದರೆ 4 ಗಂಟೆ, ಖರ್ಚು 1200. ನಾಲ್ವರು ತುಂಬಿದರೆ 1 ಗಂಟೆ, ಖರ್ಚು 600! ಅಂದರೆ ದೊಡ್ಡ ಕೆಲಸವಿದ್ದಾಗ ಎಲ್ಲರನ್ನೂ ಹಚ್ಚಿ, ಬೇಗ ಮುಗಿಸಿ ಮಲಗುವುದೇ ಉಳಿತಾಯ. ಆದರೆ ದಿನವಿಡೀ ಒಂದೋ ಎರಡೋ ಚೀಲ ಬರುವಾಗ ನಾಲ್ವರನ್ನು ಕೂರಿಸಿದರೆ ಗಂಟೆಗೆ 300 ರೂಪಾಯಿ ವ್ಯರ್ಥ.

ಆಗ ಹಿಂದಿನ ಬೆಂಚಿನ ಹುಡುಗಿ ಎದ್ದಳು. ಅವಳ ತಂದೆ ಹಮಾಲಿ ಮಾಡುತ್ತಾರೆ. “ಸರ, ಗೋದಾಮಿಗೆ ಬಾಗಿಲಾ ಒಂದೇ ಇದ್ರ ನಾಕು ಮಂದಿ ಇದ್ದೂ ಪಾಳಿ ಹಚ್ಚಬೇಕಲ್ರೀ?” ನಾವು ಸೀಮೆಸುಣ್ಣ ಕೆಳಗಿಟ್ಟೆವು. ಎಂಥ ಮಾತು! ಅಲೆಗಳು ಗೋಡೆ, ಗಿಡಗಳಿಗೆ ಬಡಿದು ಬೇರೆ ಬೇರೆ ದಾರಿಯಲ್ಲಿ ಬಂದರೆ ಮಾತ್ರ ನಾಲ್ಕು ಆಂಟೆನಾಗಳಿಗೂ ಬೇರೆ ಬೇರೆ ಕೆಲಸ. ದಾರಿ ಒಂದೇ ಆದರೆ ವೇಗ ನಾಲ್ಕು ಪಟ್ಟಾಗದು. ಆಗಲೂ ಕ್ಷೀಣ ದನಿಯನ್ನು ನಾಲ್ಕು ಕಿವಿಗಳು ಒಂದಕ್ಕಿಂತ ಚೆನ್ನಾಗಿ ಕೇಳುತ್ತವೆ, ಅಷ್ಟು ಲಾಭವಿದೆ.

ಹಾಗಾದರೆ ಉಳಿತಾಯ ಹೇಗೆ? ಕಣ ಕಾಯುವವರನ್ನು ನೋಡಿ. ಒಬ್ಬ ಎಚ್ಚರವಿರುತ್ತಾನೆ, ಉಳಿದವರು ಮಲಗುತ್ತಾರೆ. ಸಪ್ಪಳವಾದರೆ ಅವನು ಎಲ್ಲರನ್ನೂ ಎಬ್ಬಿಸುತ್ತಾನೆ. 2009ರಲ್ಲಿ ಬಂದ ವೈಫೈ ನಿಯಮದಲ್ಲಿ (802.11ಎನ್) ಇದೇ ಏರ್ಪಾಡಿದೆ. ಫೋನು ಒಂದೇ ಕಿವಿ ತೆರೆದಿಟ್ಟುಕೊಂಡು “ಹೆಚ್ಚು ಕಳಿಸುವ ಮೊದಲು ಕೂಗು” ಎಂದು ಡಬ್ಬಿಗೆ ಹೇಳಿಡುತ್ತದೆ. ಡಬ್ಬಿ ಚಿಕ್ಕ ಸಂದೇಶ ಕಳಿಸಿದ ಕೂಡಲೇ ಉಳಿದ ಆಂಟೆನಾಗಳು ಏಳುತ್ತವೆ. 2020ರ 5ಜಿ ನಿಯಮಗಳಲ್ಲೂ “ನನಗೆ ಇಷ್ಟೇ ಹೊಳೆ ಸಾಕು” ಎಂದು ಫೋನು ಟವರಿಗೆ ತಿಳಿಸಲು ಅವಕಾಶವಿದೆ.

ಪಾಠ ಮುಗಿದ ಮೇಲೆ ಮೊದಲು ಪ್ರಶ್ನೆ ಕೇಳಿದ ಹುಡುಗ ಮೇಜಿನ ಹತ್ತಿರ ಬಂದ. “ಅಕ್ಕನ ಫೋನು ಅದಕ್ಕ ಸಾಯ್ತಿತ್ತೇನ್ರೀ ಸರ?”

ಅವಳ ಹೊಲದಲ್ಲಿ ಸಿಗ್ನಲ್ ಕ್ಷೀಣ. ಮಹಾರಾಷ್ಟ್ರದ ಟವರು ಒಮ್ಮೆ, ಕರ್ನಾಟಕದ ಟವರು ಒಮ್ಮೆ ಸಿಗುವ ಜಾಗ. ಟವರು ದೂರವಾದಷ್ಟೂ ಫೋನು ಜೋರಾಗಿ ಕೂಗಬೇಕು. 4ಜಿಯಲ್ಲಿ ಅದರ ಗರಿಷ್ಠ ದನಿ ಸಾಮಾನ್ಯವಾಗಿ 200 ಮಿಲಿವ್ಯಾಟ್. ಕೇಳದಿದ್ದರೆ ಮತ್ತೆ ಕೂಗಬೇಕು. ಚಿತ್ರ ನಿಧಾನವಾಗಿ ಇಳಿಯುವುದರಿಂದ ಕಿವಿಗಳಿಗೂ ನಿದ್ದೆಯಿಲ್ಲ, ಪರದೆಯಂತೂ ಹೊತ್ತಿಯೇ ಇರುತ್ತದೆ. ಹಳೆಯ ಬ್ಯಾಟರಿ ಎಷ್ಟು ಹೊತ್ತು ತಡೆದೀತು? ಅವಳು ನೆಪ ಹೇಳಿರಲಿಲ್ಲ. “ಹೌದಪ್ಪ, ಅದಕ್ಕೇ ಇರಬೇಕು. ತಪ್ಪು ನಮ್ಮದು ಅಂತ ಅಕ್ಕಗ ಹೇಳು” ಎಂದೆವು. ಆಮೇಲೆ, ಮಗುವಿನ ಕೈಯಲ್ಲಿ ಹೇಳಿ ಕಳಿಸುವ ಮಾತೇ ಇದು ಎನಿಸಿತು. ಭಾನುವಾರ ನಾವೇ ಅವರ ಹೊಲದ ಮನೆಗೆ ಹೋಗಿ ಹೇಳಿ ಬಂದೆವು. ಅವಳು ನಕ್ಕು ಚಹಾ ತಂದುಕೊಟ್ಟಳು.

ಈಗ ಒಂದು ಪದ್ಧತಿ ಮಾಡಿದ್ದೇವೆ. ಪಾಠದ ಚಿತ್ರಗಳನ್ನು ಶಾಲೆಯ ವೈಫೈಯಲ್ಲೇ, ಸಿಗ್ನಲ್ ಚೆನ್ನಾಗಿರುವಾಗ ಒಟ್ಟಿಗೆ ಇಳಿಸಿ ಕೊಡುತ್ತೇವೆ. ಹೊಲದಲ್ಲಿ ನೋಡುವಾಗ ಫೋನು ಏರೋಪ್ಲೇನ್ ಮೋಡಿನಲ್ಲಿದ್ದರೂ ನಡೆಯುತ್ತದೆ. ನಿಮ್ಮ ಶಾಲೆಯಲ್ಲೂ ಮಾಡಿ ನೋಡಿ.

“ವಿಜ್ಞಾನ ಕನ್ನಡದಾಗ ಆಗಂಗಿಲ್ರೀ ಸರ” ಎಂದು ದಾಖಲೆ ಬಿಡಿಸಿಕೊಳ್ಳಲು ಬರುವ ಪಾಲಕರಿಗೆ ಇನ್ನು ಮುಂದೆ ನಾವು ವಾದ ಮಾಡುವುದಿಲ್ಲ. ಗೋದಾಮಿನ ಬಾಗಿಲಿನ ಪ್ರಶ್ನೆ ಕೇಳಿದ ಆ ಹುಡುಗಿಯನ್ನು ಕರೆದು, ಪಕ್ಕದಲ್ಲಿ ನಿಲ್ಲಿಸಿಕೊಂಡು, “ಹೇಳವ್ವಾ” ಎನ್ನುತ್ತೇವೆ.