ಊಟ ಆತೇನ?

ಬೆಂಗಳೂರಿನಲ್ಲಿ ರಾತ್ರಿ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಮರುದಿನ ಘಟಪ್ರಭಾದಲ್ಲಿ ಇಳಿಯಬಹುದು. ಅಲ್ಲಿಂದ ನಮ್ಮೂರು ತುಕ್ಕಾನಟ್ಟಿ ದೂರವೇನಿಲ್ಲ. ಬಸ್ ಇಳಿದು ಮನೆ ಮುಟ್ಟುವಷ್ಟರಲ್ಲಿ ಕಮ್ಮಿ ಅಂದ್ರೂ ಆರು ಜನ ‘ಯಾವಾಗ ಬಂದಿ? ಎಷ್ಟ ದಿನ ರಜಾ?’ ಅಂತ ಕೇಳ್ತಾರೆ. ಕಬ್ಬಿನ ಟ್ರ್ಯಾಕ್ಟರ್ ನಿಲ್ಲಿಸಿ ಕೇಳುವವರೂ ಇದ್ದಾರೆ. ಹದಿನೆಂಟರಲ್ಲಿ ಇದು ನನಗೆ ದೊಡ್ಡ ಕಿರಿಕಿರಿಯಾಗಿತ್ತು.

ಆಮೇಲೆ ಇಂಜಿನಿಯರಿಂಗ್‌ಗೆ ಬೆಂಗಳೂರಿಗೆ ಹೋದೆ. ಹಾಸ್ಟೆಲ್ ತುಂಬಾ ಹುಡುಗರು, ಯಾರೂ ಏನೂ ಕೇಳುತ್ತಿರಲಿಲ್ಲ. ನನ್ನ ‘ಹೌದ್ರಿ’ಗೆ ಒಂದಿಬ್ಬರು ನಕ್ಕ ಮೇಲೆ ನಾನೇ ಮಾತು ಕಮ್ಮಿ ಮಾಡಿದೆ. ಕನ್ನಡ ನಾಡಿನಲ್ಲೇ ಕನ್ನಡ ಮಾತಾಡಲು ಹೆದರಿದವನು ನಾನು, ನಗಬೇಡಿ! ಎಲ್ಲರೂ ಉಂಡೆದ್ದ ಮೇಲೆ ಮೆಸ್‌ಗೆ ಹೋಗ್ತಿದ್ದೆ. ಎರಡನೇ ಸೆಮಿಸ್ಟರ್‌ನಲ್ಲಿ ಎಷ್ಟೋ ರಾತ್ರಿ ಅದೂ ಇಲ್ಲ. ಅವ್ವ ಫೋನ್ ಮಾಡಿ ‘ಊಟ ಆತೇನಪಾ?’ ಅಂದರೆ ‘ಆತು’ ಅಂತಿದ್ದೆ. ಎರಡು ಸಬ್ಜೆಕ್ಟ್ ಹೋದವು. ಅದನ್ನೂ ಹೇಳಲಿಲ್ಲ.

ಒಂಟಿತನ ಅಳೆಯಲು ಇಂದಿಗೂ ಬಳಸುವ ಒಂದು ಪ್ರಶ್ನಾವಳಿ 1978ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ತಯಾರಾಯಿತು. ಮೊದಲು ಉತ್ತರಿಸಿದವರಲ್ಲಿ ಅಲ್ಲಿನ ವಿದ್ಯಾರ್ಥಿಗಳೇ ಇದ್ದರು. ಅದರಲ್ಲಿರುವ 20 ಮಾತುಗಳು ನಿಮ್ಮ ಸುತ್ತ ಎಷ್ಟು ಜನ ಇದ್ದಾರೆ ಅಂತ ಎಣಿಸೋದಿಲ್ಲ. ನಿಮ್ಮನ್ನು ಅರ್ಥ ಮಾಡ್ಕೊಳ್ಳೋರು ಇದ್ದಾರೆ ಅಂತ ನಿಮಗೆ ಅನ್ನಿಸುತ್ತಾ ಅನ್ನೋದನ್ನ ನೋಡ್ತವೆ. ಅದನ್ನು ಓದಿದಾಗ ನನ್ನ ಹಾಸ್ಟೆಲ್ ರೂಮೇ ನೆನಪಾಯಿತು.

ಈ ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಚಿಕ್ಕಮ್ಮ ಮಗನ ಜತೆ ವಿಡಿಯೋ ಕಾಲ್‌ನಲ್ಲಿದ್ದಳು. ಅವನು ಜರ್ಮನಿಯಲ್ಲಿ ಎಂ.ಎಸ್. ಮಾಡ್ತಿದ್ದಾನೆ. ನಮ್ಮಲ್ಲಿ ರಾತ್ರಿ ಒಂಬತ್ತೂವರೆ, ಅಲ್ಲಿ ಸಂಜೆ ಐದು, ಆಗಲೇ ಕತ್ತಲು.

‘ಊಟ ಆತೇನ?’

‘ಆತು.’

ಆ ‘ಆತು’ ನನಗೆ ಗೊತ್ತಿತ್ತು. ಫೋನ್ ಇಸ್ಕೊಂಡು ಮಾಳಿಗೆ ಹತ್ತಿದೆ. ‘ಏನ್ ಉಂಡಿ?’ ಅಂದೆ. ಸುಮಾರು ಹೊತ್ತು ಸುಮ್ಮನಿದ್ದ. ‘ಏನಿಲ್ಲಣ್ಣ’ ಅಂದ. ಕ್ಲಾಸ್‌ಮೇಟ್‌ಗಳು ಒಳ್ಳೆಯವರೇ, ಆದರೆ ಕೆಲಸ ಇದ್ದಷ್ಟೇ ಮಾತು. ಭಾನುವಾರ ಅಂಗಡಿಗಳೂ ಬಂದ್. ನನ್ನ ಎರಡು ಸಬ್ಜೆಕ್ಟ್ ಕಥೆಯನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅವತ್ತೇ. ಯೂನಿವರ್ಸಿಟಿಯ ಕೌನ್ಸೆಲರ್ ಹತ್ತಿರ ಹೋಗು ಅಂದೆ.

‘ಇಂಗ್ಲಿಷ್‌ನಾಗ ಅಳೂದ ಹೆಂಗಣ್ಣ?’

ಇಲ್ಲಿದ್ದಿದ್ದರೆ ಟೆಲಿ-ಮಾನಸ್‌ನ 14416 ಕೊಡುತ್ತಿದ್ದೆ. ಉಚಿತ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಅದು ಶುರುವಾಗಿದ್ದು 2022ರಲ್ಲಿ. ನನ್ನ ಕಾಲಕ್ಕೆ ಇರಲಿಲ್ಲ. ಕೊನೆಗೆ ಮಂಗಳವಾರ ಹೋಗ್ತೀನಿ ಅಂದ, ‘ಅವ್ವಗ ನೀನ ಹೇಳಣ್ಣ’ ಅಂದ.

ಕೆಳಗೆ ಬಂದಾಗ ಚಿಕ್ಕಮ್ಮ ಮೆಟ್ಟಿಲ ಹತ್ತಿರವೇ ನಿಂತಿದ್ದಳು.

‘ಏನಂದಾ?’

‘ಊಟ ಮಾಡಿಲ್ಲಂತ. ಈಗ ನೀನ ಹಚ್ಚಿ ಮಾತಾಡು. ಬೈಯಬ್ಯಾಡ.’